ಕಾಲ ಒಯ್ದದ್ದು, ಕೈ ಒಯ್ದದ್ದು

ಉರುಳಿ ಬಿದ್ದ ಕಂಬವನ್ನು ಮತ್ತೆ ಎತ್ತಿ ನಿಲ್ಲಿಸದೆ ಇರುವುದೂ ಒಂದು ನಿರ್ಧಾರವೇ. ಕೆನಡಾದ ಪಶ್ಚಿಮದಂಚಿನಲ್ಲಿ, ವ್ಯಾಂಕೂವರ್ ದ್ವೀಪದ ಪಕ್ಕಕ್ಕೆ ಒತ್ತಿಕೊಂಡಂತೆ ನೂಟ್ಕಾ ಎಂಬ ದ್ವೀಪವಿದೆ. ಅದರ ದಕ್ಷಿಣ ತುದಿಯಲ್ಲಿ ಯೂಕ್ವಾಟ್ ಎಂಬ ಹಳೆಯ ಊರು. ಅಲ್ಲಿ ಹುಲ್ಲಿನ ನಡುವೆ ಒಂದು ಟೋಟೆಮ್ ಕಂಬ ಬಿದ್ದು ಮಣ್ಣಾಗುತ್ತಿದೆ. 1929ರಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ವಿಲಿಂಗ್‌ಡನ್ ಅವರ ಗೌರವಕ್ಕೆಂದು ಅಲ್ಲಿನ ಮೊವಾಚಾಟ್ ಜನ ನಿಲ್ಲಿಸಿದ ಕಂಬ ಅದು. ಆರು ದಶಕಕ್ಕೂ ಮೀರಿ ಕಡಲಗಾಳಿಗೆ ಎದೆಯೊಡ್ಡಿ ನಿಂತಿತ್ತು. 1990ರ ದಶಕದ ಒಂದು ಚಳಿಗಾಲದಲ್ಲಿ ಅದೇ ಗಾಳಿಗೆ ಉರುಳಿತು. ಊರಿನವರು ಅದಕ್ಕೆ ಸಿಮೆಂಟಿನ ಪೀಠ ಕಟ್ಟಲಿಲ್ಲ, ತಗಡಿನ ಚಪ್ಪರ ಹಾಕಲಿಲ್ಲ. ಕಾಡಿನಿಂದ ಬಂದದ್ದು ಕಾಡಿಗೇ ಹೋಗಲಿ ಎಂದು ಬಿಟ್ಟರು. ಈಗ ಅದರ ಮೈಮೇಲೆ ಉಳಿ ಎಳೆದ ಗೆರೆ ಯಾವುದು, ಮರ ತಾನೇ ಬಿರಿದ ಗೆರೆ ಯಾವುದು ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ವಿಲಿಂಗ್‌ಡನ್ ಹೆಸರು ನಮಗೂ ಹೊಸದಲ್ಲ. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತ್ಯಕ್ಕೂ ಮಂಗಳೂರು, ಬಳ್ಳಾರಿಗಳು ಮದ್ರಾಸ್ ಪ್ರಾಂತ್ಯಕ್ಕೂ ಸೇರಿದ್ದ ಕಾಲದಲ್ಲಿ ಅವರು ಮೊದಲು ಮುಂಬಯಿಗೆ, ಅನಂತರ ಮದ್ರಾಸಿಗೆ ಗವರ್ನರ್ ಆಗಿದ್ದವರು. ಕೆನಡಾದ ಅವಧಿ ಮುಗಿಸಿ 1931ರಲ್ಲಿ ಭಾರತದ ವೈಸ್‌ರಾಯ್ ಆಗಿ ಮರಳಿದರು. ಇಂದು ಆ ಪದವಿಯೂ ಇಲ್ಲ, ಆ ಪ್ರಾಂತ್ಯಗಳೂ ಇಲ್ಲ. ಗೌರವ ಪಡೆದವರು ಹೋದರು, ಗೌರವಿಸಿದವರೂ ಹೋದರು, ಆ ಗೌರವಕ್ಕೆ ಅರ್ಥ ಕೊಟ್ಟಿದ್ದ ಸಾಮ್ರಾಜ್ಯವೂ ಹೋಯಿತು. ಇವರೆಲ್ಲರ ನಂತರವೂ ನಿಂತಿದ್ದ ಮರದ ಕಂಬ ಕೊನೆಗೆ ತಾನೂ ಮಲಗಿತು. ಇದನ್ನು ಹಾಗೆಯೇ ಬಿಟ್ಟದ್ದು ಅಲಕ್ಷ್ಯವೋ, ಒಂದು ಬಗೆಯ ಮರ್ಯಾದೆಯೋ? ನನ್ನ ಮನಸ್ಸು ಮತ್ತೆ ಮತ್ತೆ ಸುತ್ತುವುದು ಈ ಪ್ರಶ್ನೆಯನ್ನು.

ಯೂಕ್ವಾಟಿಗೆ ಹಡಗಿನಲ್ಲೂ ಬರಬಹುದು. ಆದರೆ ನಡೆದು ಬಂದವರ ಕಣ್ಣಿಗೆ ಆ ಕಂಬ ಬೇರೆಯಾಗಿ ಕಾಣುತ್ತದೆ. ದ್ವೀಪದ ವಾಯವ್ಯದಲ್ಲಿರುವ ಲೂಯಿ ಕೊಲ್ಲಿಯಲ್ಲಿ ನೀರಿನ ಮೇಲಿಳಿಯುವ ಪುಟ್ಟ ವಿಮಾನದಿಂದ ಇಳಿದು ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ನಡೆದರೆ ಊರು ಸಿಗುತ್ತದೆ. ಬಯಲುಸೀಮೆಯ ರಸ್ತೆಯಲ್ಲಾದರೆ ಅದು ಒಂದೂವರೆ ದಿನದ ದಾರಿ. ಇಲ್ಲಿ ನಾಲ್ಕೈದು ದಿನ ಬೇಕು. ಗುಂಡುಕಲ್ಲಿನ ತೀರ, ಪಾಚಿಗಟ್ಟಿದ ಬಂಡೆ, ಬೇರು ಹೆಣೆದುಕೊಂಡ ಕಾಡು, ಹಗ್ಗ ಹಿಡಿದು ಹತ್ತಬೇಕಾದ ಭೂಶಿರ, ಇವು ಒಂದರ ಬೆನ್ನಿಗೊಂದು ಬರುತ್ತವೆ. ಊಟದ ಸಾಮಾನು ಹೆಗಲ ಮೇಲೆ, ರಾತ್ರಿ ಅದು ಕರಡಿಗೆ ಎಟುಕದಷ್ಟು ಎತ್ತರದ ಕೊಂಬೆಯ ಮೇಲೆ. ಅಲ್ಲಿ ಫಲಕಗಳಿಲ್ಲ. ಕಾಡಿನೊಳಗಿನ ಕಾಲುದಾರಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಡಲು ತಂದೊಗೆದ ಬಣ್ಣದ ತೇಲುಗುಂಡುಗಳನ್ನು ಮರಕ್ಕೆ ತೂಗುಹಾಕಿ ಗುರುತು ಮಾಡಿರುತ್ತಾರೆ. ಯಾವುದೋ ಮೀನುಬಲೆ ಕಳೆದುಕೊಂಡದ್ದು ಇಲ್ಲಿ ದಾರಿ ತೋರುವ ದೀಪ.

ಇಂಥ ನಡಿಗೆಯಲ್ಲಿ ಮಾರ್ಗದರ್ಶಿಯ ಮೊದಲ ಕೆಲಸ ದಾರಿ ತೋರುವುದಲ್ಲ, ಹೊತ್ತು ಹೇಳುವುದು. ಬೆಳಿಗ್ಗೆ ಎದ್ದವನೇ ಅವನು ಉಬ್ಬರ-ಇಳಿತದ ಪಟ್ಟಿ ಬಿಡಿಸುತ್ತಾನೆ. ನೀರು ಇಳಿದಾಗ ಬಂಡೆಯ ಬುಡದಲ್ಲೇ ಸರಾಗವಾಗಿ ದಾಟಬಹುದಾದ ಜಾಗ, ನೀರು ಏರಿದಾಗ ಇರುವುದೇ ಇಲ್ಲ. ಕ್ಯಾಲ್ವಿನ್ ಜಲಪಾತದ ಹೊಳೆ ಮರಳಿನ ಮೇಲೆ ಹರಿದು ಕಡಲು ಸೇರುತ್ತದೆ. ಅದನ್ನು ಎಲ್ಲಿ ಹಾಯಬೇಕು ಎಂದು ನಿನ್ನೆ ಕಂಡದ್ದನ್ನು ನಂಬಿ ಇಂದು ಹೇಳುವಂತಿಲ್ಲ. ನಕ್ಷೆಯಲ್ಲಿ ಗೆರೆಯಾಗಿ ಕಾಣುವ ದಾರಿ ವಾಸ್ತವದಲ್ಲಿ ಕೆಲವು ಗಂಟೆ ಮಾತ್ರ ಬದುಕುವಂಥದ್ದು. ನಾವು ಊರುಗಳಲ್ಲಿ ದಾರಿ ಸ್ಥಿರ, ನಾವು ಚಲಿಸುವವರು ಎಂದುಕೊಂಡು ಬಾಳುತ್ತೇವೆ. ಇಲ್ಲಿ ದಾರಿಯೂ ಬರುತ್ತದೆ, ಹೋಗುತ್ತದೆ; ಅದು ಬಂದಾಗ ನಾವು ಸಿದ್ಧರಿರಬೇಕು ಅಷ್ಟೆ.

ನೆಲವಾದರೂ ನಿಂತಿದೆಯೇ ಎಂದರೆ ಅದೂ ಇಲ್ಲ. 1700ರ ಜನವರಿ 26ರಂದು ಈ ಕರಾವಳಿಯುದ್ದಕ್ಕೂ ಭಾರಿ ಭೂಕಂಪವಾಗಿ, ಅದರ ಅಲೆಗಳು ಶಾಂತಸಾಗರವನ್ನು ದಾಟಿ ಜಪಾನಿನ ಊರುಗಳಿಗೆ ನುಗ್ಗಿದವು. ಭೂಮಿ ನಡುಗದೆ ಅಲೆ ಮಾತ್ರ ಬಂದದ್ದನ್ನು ಅಲ್ಲಿನವರು ಬೆರಗಿನಿಂದ ಬರೆದಿಟ್ಟರು. ಆ ಬರಹದಿಂದಲೇ ಇಲ್ಲಿನ ಕಂಪನದ ದಿನಾಂಕ ಇಂದಿನ ವಿಜ್ಞಾನಿಗಳಿಗೆ ಗೊತ್ತಾದದ್ದು. 2011ರಲ್ಲಿ ಲೆಕ್ಕ ತಿರುಗಿತು. ಜಪಾನಿನ ಸುನಾಮಿ ಕೊಚ್ಚಿಕೊಂಡು ಹೋದ ಹಲಗೆ, ಬುಟ್ಟಿ, ದೋಣಿಗಳು ತಿಂಗಳುಗಟ್ಟಲೆ ತೇಲಿ ಕೆನಡಾದ ತೀರಗಳಿಗೆ ಬಂದವು. ಒಂದು ದಡದ ನೋವು ಇನ್ನೊಂದು ದಡದ ಕಡತದಲ್ಲಿ ಉಳಿಯಿತು. ಒಂದು ದಡದ ಮನೆ ಇನ್ನೊಂದು ದಡದ ಕಸವಾಯಿತು.

ತೀರದಿಂದ ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಕಡಲಿನ ಸದ್ದು ತಗ್ಗುತ್ತದೆ. ಕೆಂಪು ಸೀಡರ್, ಹೆಮ್ಲಾಕ್, ಸಿಟ್ಕಾ ಸ್ಪ್ರೂಸ್ ಮರಗಳ ಮಳೆಕಾಡು ಇದು. ವರ್ಷಕ್ಕೆ 3000 ಮಿಲಿಮೀಟರ್ ಆಜುಬಾಜಿನ ಮಳೆ. ಇಲ್ಲಿ ಸತ್ತ ಮರ ಯಾವುದು, ಬದುಕಿದ ಮರ ಯಾವುದು ಎಂಬ ಗಡಿ ತೆಳು. ನೂರಾರು ವರ್ಷ ನಿಂತು ಬಿದ್ದ ದಿಮ್ಮಿಯೊಂದರ ಬಳಿ ಕೂತು ನೋಡಿ. ಅದರ ಬೆನ್ನು ತುಂಬ ಹಾವಸೆ, ಆ ಹಾವಸೆಯಲ್ಲಿ ಬೆರಳುದ್ದದ ಹೆಮ್ಲಾಕ್ ಸಸಿಗಳು ಸಾಲುಗಟ್ಟಿವೆ. ಕಾಡಿನ ನೆಲದ ಪೈಪೋಟಿಯಲ್ಲಿ ನೆಲೆ ಸಿಗದ ಬೀಜಕ್ಕೆ ಈ ಸತ್ತ ಬೆನ್ನೇ ತೊಟ್ಟಿಲು. ಸಸಿ ಬೆಳೆದಂತೆ ಅದರ ಬೇರುಗಳು ದಿಮ್ಮಿಯ ಎರಡೂ ಪಕ್ಕೆಗಳಿಂದ ಇಳಿದು ನೆಲ ಮುಟ್ಟುತ್ತವೆ. ಶತಮಾನಗಳಲ್ಲಿ ದಿಮ್ಮಿ ಕರಗಿಹೋಗುತ್ತದೆ, ಬೇರು ಗಟ್ಟಿಯಾಗುತ್ತದೆ. ಕೊನೆಗೆ ಬೇರುಗಳ ನಡುವೆ ಒಂದು ಟೊಳ್ಳು ಉಳಿಯುತ್ತದೆ, ಒಂದಾಳು ತೂರುವಷ್ಟು. ಹಳೆಯ ಮರದ ಗಾತ್ರವೆಷ್ಟಿತ್ತು ಎಂದು ತಿಳಿಯಬೇಕಾದರೆ ಈ ಟೊಳ್ಳನ್ನೇ ಅಳೆಯಬೇಕು. ಮರ ಇಲ್ಲ, ಅದರ ಅಳತೆ ಇದೆ.

ಇಲ್ಲಿ ನಿಂತಾಗ ಒಂದು ಸಮಾಧಾನ ತಾನಾಗಿ ಒದಗಿ ಬರುತ್ತದೆ. ಎಲ್ಲವೂ ಹೋಗುತ್ತದೆ, ಹೋದದ್ದು ಮತ್ತೊಂದಕ್ಕೆ ಅನ್ನವಾಗುತ್ತದೆ, ದುಃಖಕ್ಕೆ ಎಡೆಯೆಲ್ಲಿ ಎಂಬ ಸಮಾಧಾನ. ಅದು ಸುಳ್ಳಲ್ಲ. ಆದರೆ ಸುಲಭವಾಗಿ ಸಿಕ್ಕ ಸಮಾಧಾನವನ್ನು ತುಸು ಅನುಮಾನಿಸುವುದು ಒಳ್ಳೆಯದು. ಕಾಡು ಕಲಿಸುವ ಅನಿತ್ಯದ ಪಾಠವನ್ನು ಮನುಷ್ಯರ ಚರಿತ್ರೆಗೆ ಹಾಗೆಯೇ ಅನ್ವಯಿಸಿದರೆ ಏನಾಗುತ್ತದೆ? ಬಿದ್ದ ಮರ ಮತ್ತು ಕಡಿದ ಮರ ಎರಡೂ ಒಂದೇ ಆಗಿಬಿಡುತ್ತವೆ. ಮುಪ್ಪಿನಿಂದ ಸತ್ತವನಿಗೂ ಕೊಲೆಯಾದವನಿಗೂ ಒಂದೇ ವೈರಾಗ್ಯದ ಮಾತು ಹೇಳಿದಂತಾಗುತ್ತದೆ.

ದಾರಿಯಲ್ಲಿ ಕೆಲವು ಹಳೆಯ ಸೀಡರ್ ಮರಗಳ ಮೈಮೇಲೆ ಬುಡದಿಂದ ಮೇಲಕ್ಕೆ ಕಿರಿದಾಗುತ್ತ ಹೋಗುವ ಉದ್ದನೆಯ ಗಾಯದ ಗುರುತು ಕಾಣುತ್ತದೆ. ತೊಗಟೆಯ ಪಟ್ಟಿಯನ್ನು ಸುಲಿದ ಗುರುತು ಅದು. ಆ ನಾರಿನಿಂದ ಬುಟ್ಟಿ, ಚಾಪೆ, ಹಗ್ಗ, ಟೋಪಿ, ಉಡುಗೆಗಳನ್ನು ಹೆಣೆಯುತ್ತಿದ್ದರು. ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಹಾಗಾಗಿ ಒಂದು ಪಟ್ಟಿ ಎಳೆದುಕೊಂಡು ಉಳಿದದ್ದನ್ನು ಮರಕ್ಕೆ ಬಿಡುತ್ತಿದ್ದರು. ಕೆಲವೆಡೆ ನಿಂತ ಮರದಿಂದಲೇ ಹಲಗೆ ಸೀಳಿ ತೆಗೆದಿದ್ದೂ ಉಂಟು. ಕೊಂಡವರು ಹೋಗಿ ಎಷ್ಟೋ ಕಾಲವಾಯಿತು, ಕೊಟ್ಟ ಮರ ಇನ್ನೂ ಹಸುರಾಗಿದೆ. ಗಾಯದ ಅಂಚುಗಳು ಉಬ್ಬಿ ಒಳಕ್ಕೆ ಮಡಚಿಕೊಂಡಿವೆ. ತೆಗೆದುಕೊಳ್ಳುವುದಕ್ಕೂ ಒಂದು ಅಳತೆ ಇರಬಹುದು, ಕಳೆದುಕೊಂಡ ಮೇಲೂ ಬಾಳು ಇರಬಹುದು ಎಂಬುದಕ್ಕೆ ಈ ಮರಗಳಿಗಿಂತ ಬೇರೆ ಸಾಕ್ಷಿ ಬೇಡ.

ಅಳತೆ ತಪ್ಪಿದ್ದು ಆಮೇಲೆ. 1778ರ ಮಾರ್ಚ್ ಕೊನೆಯಲ್ಲಿ ಕ್ಯಾಪ್ಟನ್ ಕುಕ್‌ನ ಎರಡು ಹಡಗುಗಳು ಯೂಕ್ವಾಟ್ ಬಳಿಯ ಕೊಲ್ಲಿಗೆ ಬಂದವು. ಮುರಿದ ಪಟಸ್ತಂಭಕ್ಕೆ ಇಲ್ಲಿನ ಮರ ಕಡಿದು, ನಾವಿಕರು ಕಬ್ಬಿಣ ಕೊಟ್ಟು ಕಡಲ ನೀರುನಾಯಿಯ ತುಪ್ಪಳ ಕೊಂಡರು. ಆ ತುಪ್ಪಳಕ್ಕೆ ಚೀನಾದ ಕ್ಯಾಂಟನ್‌ನಲ್ಲಿ ಬಂದ ಬೆಲೆಯ ಸುದ್ದಿ ಹಬ್ಬಿದ್ದೇ ತಡ, ಹಡಗುಗಳ ಸಾಲು ಹತ್ತಿತು. ಮೊದಮೊದಲು ಬಂದವುಗಳಲ್ಲಿ ನಮ್ಮ ಮುಂಬಯಿಯಿಂದ ಹೊರಟ ಜೇಮ್ಸ್ ಸ್ಟ್ರೇಂಜ್‌ನ ಹಡಗುಗಳೂ ಇದ್ದವು. ಸ್ಪೇನ್ 1789ರಲ್ಲಿ ಯೂಕ್ವಾಟಿನಲ್ಲಿ ಕೋಟೆ ಕಟ್ಟಿತು. ಈ ಪುಟ್ಟ ಕೊಲ್ಲಿಗಾಗಿ ಸ್ಪೇನ್ ಮತ್ತು ಬ್ರಿಟನ್ ಯುದ್ಧದ ಅಂಚಿಗೆ ಹೋಗಿ ಒಪ್ಪಂದ ಮಾಡಿಕೊಂಡವು. 1795ರಲ್ಲಿ ಎರಡೂ ದೇಶದವರು ಜಾಗ ಖಾಲಿ ಮಾಡಿದರು. ಊರಿನ ಮುಖ್ಯಸ್ಥ ಮಕ್ವಿನ್ನಾನ ಜನ ಮಾತ್ರ ಅಲ್ಲೇ ಇದ್ದರು. ಸುಮಾರು 4300 ವರ್ಷಗಳಿಂದ ಅಲ್ಲಿ ಜನವಸತಿ ಇತ್ತೆಂದು 1966ರ ಉತ್ಖನನ ತೋರಿಸಿದೆ. ಆ ಉದ್ದದ ಪಕ್ಕದಲ್ಲಿ ಕೋಟೆಯ ಆಯುಸ್ಸು ಒಂದು ಕೆಮ್ಮಿನಷ್ಟು.

ಕೋಟೆ ಹೋದದ್ದಕ್ಕೆ ಯಾರೂ ಅಳಲಿಲ್ಲ. ಆದರೆ ನೀರುನಾಯಿಗಳೂ ಹೋದವು. ಬ್ರಿಟಿಷ್ ಕೊಲಂಬಿಯಾದ ಕೊನೆಯದೆನ್ನಲಾದ ನೀರುನಾಯಿ ಗುಂಡಿಗೆ ಬಲಿಯಾದದ್ದು 1929ರಲ್ಲಿ, ಯೂಕ್ವಾಟಿನಲ್ಲಿ ಕಂಬ ಎದ್ದು ನಿಂತ ವರ್ಷವೇ. ನಾಲ್ಕು ದಶಕಗಳ ನಂತರ, 1969ರಿಂದ 1972ರ ನಡುವೆ, ಅಲಾಸ್ಕಾದಿಂದ 89 ನೀರುನಾಯಿಗಳನ್ನು ತಂದು ಉತ್ತರದ ಚೆಕ್ಲೆಸೆಟ್ ಕೊಲ್ಲಿಯಲ್ಲಿ ಬಿಟ್ಟರು. ಅವು ಬದುಕಿದವು, ಸಾವಿರಗಟ್ಟಲೆಯಾದವು. ಪಾಚಿ ಮೇಯುವ ಕಡಲಮುಳ್ಳು ಜೀವಿಗಳನ್ನು ತಿಂದು ತಗ್ಗಿಸಿದ್ದರಿಂದ ಕೆಲ್ಪ್ ಪಾಚಿಯ ನೀರೊಳಗಿನ ಕಾಡು ಮತ್ತೆ ಎದ್ದಿತು. ಆದರೆ ನೀರುನಾಯಿಯಿಲ್ಲದ ಕಾಲದಲ್ಲಿ ಹೆಚ್ಚಿದ್ದ ಚಿಪ್ಪುಜೀವಿಗಳು ಕಡಿಮೆಯಾದವು. ಅವನ್ನೇ ನಂಬಿದ್ದ ತೀರದ ಜನರ ಬುಟ್ಟಿ ಹಗುರಾಯಿತು. ಮರಳಿ ಬಂದದ್ದು ಹೋದದ್ದರ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ. ಅದಿಲ್ಲದ ದಿನಗಳಲ್ಲಿ ಲೋಕ ಬೇರೆ ಏರ್ಪಾಡು ಮಾಡಿಕೊಂಡಿರುತ್ತದೆ.

ಈ ಊರಿನ ಎಲ್ಲಕ್ಕಿಂತ ಆಳವಾದ ಕಳವಳ ಇನ್ನೊಂದಿದೆ. ಹಳ್ಳಿಯ ಹಿಂದಿನ ಕೆರೆಯ ನಡುಗಡ್ಡೆಯೊಂದರಲ್ಲಿ ತಿಮಿಂಗಿಲ ಬೇಟೆಗಾರರ ಗುಡಿಯಿತ್ತು. ಬೇಟೆಗೆ ಹೊರಡುವ ಮುನ್ನ ಮುಖ್ಯಸ್ಥ ಅಲ್ಲಿ ಸ್ನಾನ, ವ್ರತಗಳಿಂದ ತನ್ನನ್ನು ಶುದ್ಧಿ ಮಾಡಿಕೊಳ್ಳುತ್ತಿದ್ದ. ಅಲ್ಲಿ ಮರದಲ್ಲಿ ಕೆತ್ತಿದ 88 ಮನುಷ್ಯರೂಪಗಳು, 4 ತಿಮಿಂಗಿಲಗಳು, ಜೊತೆಗೆ 16 ತಲೆಬುರುಡೆಗಳು ಇದ್ದವು. ಊರಿನವರಲ್ಲೇ ಎಲ್ಲರಿಗೂ ಪ್ರವೇಶವಿರದ ಜಾಗ. 1904ರಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋಅಸ್ ಅವರ ಪರವಾಗಿ ಜಾರ್ಜ್ ಹಂಟ್ ಬಂದು, ಇಬ್ಬರು ಹಿರಿಯರಿಗೆ 500 ಡಾಲರ್ ಕೊಟ್ಟು ಅದನ್ನು ಕೊಂಡ. ಊರಿನ ಹೆಚ್ಚಿನವರು ಬೇಟೆಗೆಂದು ಹೊರಹೋದ ಮೇಲೆ ಸಾಗಿಸಬೇಕು ಎಂಬುದು ಷರತ್ತು. ಗುಡಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಸೇರಿತು. ಅಲ್ಲಿ ಅದು ಇಡಿಯಾಗಿ ಒಮ್ಮೆಯೂ ಪ್ರದರ್ಶನಗೊಳ್ಳಲಿಲ್ಲ. ಶತಮಾನಕ್ಕೂ ಮೀರಿ ಉಗ್ರಾಣದಲ್ಲೇ ಇತ್ತು.

ಇಲ್ಲಿ ನ್ಯಾಯವಾಗಿ ತೂಗಬೇಕು. ಆ ಗುಡಿ ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು? ಆ ಮಳೆ, ಆ ತೇವ, ಆ ಅಣಬೆಗಳ ನಡುವೆ ಎಷ್ಟು ರೂಪಗಳು ಇಂದಿಗೆ ಉಳಿಯುತ್ತಿದ್ದವು? ಕಳೆದುಹೋಗುತ್ತಿರುವ ಲೋಕವೊಂದರ ಗುರುತುಗಳನ್ನಾದರೂ ಕಾಪಾಡೋಣ ಎಂಬುದು ಆ ಕಾಲದ ಸಂಗ್ರಾಹಕರ ಮನಸ್ಸಿನಲ್ಲಿದ್ದ ಮಾತು. ಮರ ಉಳಿದದ್ದಂತೂ ನಿಜ. ಆದರೆ ಉಳಿಸಿದ್ದು ಏನನ್ನು? ವ್ರತವಿಲ್ಲದ, ಕೆರೆಯಿಲ್ಲದ, ಭಯಭಕ್ತಿಯಿಲ್ಲದ ಕೋಣೆಯಲ್ಲಿ ಆ ರೂಪಗಳು ಕೊಳೆಯದೆ ಇದ್ದವು, ಬಾಳದೆಯೂ ಇದ್ದವು. ಮತ್ತೂ ಒಂದು ಮಾತು. ಕಳೆದುಹೋಗುತ್ತಾರೆ ಎಂದು ಲೆಕ್ಕ ಹಾಕಿದ್ದ ಜನ ಕಳೆದುಹೋಗಲಿಲ್ಲ. ತಮ್ಮ ಗುಡಿ ಎಲ್ಲಿ ಎಂದು ಕೇಳಲು ಅವರ ಮಕ್ಕಳು, ಮೊಮ್ಮಕ್ಕಳು ಇದ್ದರು.

ನಮ್ಮ ಕರಾವಳಿಯ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಹಳೆಯ ಮರದ ಭೂತಮೂರ್ತಿಗಳು 1960ರ ದಶಕದ ಜೀರ್ಣೋದ್ಧಾರದ ಬಳಿಕ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋದವು. ಆಳೆತ್ತರದ ಆ ಮೂರ್ತಿಗಳನ್ನು ಅಲ್ಲಿ ಇಂದಿಗೂ ನೋಡಬಹುದು. ಜೀರ್ಣವಾದ ಮೂರ್ತಿಯನ್ನು ವಿಸರ್ಜಿಸಿ ಹೊಸದನ್ನು ಪ್ರತಿಷ್ಠಾಪಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಮರ ಹಳತಾಗಬಹುದು, ಸಾನ್ನಿಧ್ಯ ಹಳತಾಗುವುದಿಲ್ಲ ಎಂಬ ನಂಬಿಕೆ ಅದು. ಮೆಕ್ಕೆಕಟ್ಟಿನ ಗುಡಿಯಲ್ಲಿ ಹಳೆಯವು ಹೋದ ಜಾಗಕ್ಕೆ ಹೊಸವು ಬಂದವು, ಪೂಜೆ ನಿಲ್ಲಲಿಲ್ಲ. ಯೂಕ್ವಾಟಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಹೋದದ್ದು ಮರವೊಂದೇ ಅಲ್ಲ, ಮತ್ತೆ ಕೆತ್ತಬಲ್ಲ ಅವಕಾಶವೂ ಹೋಯಿತು. ಎರಡು ಕಡೆಯ ಮೂರ್ತಿಗಳೂ ಕೊನೆಗೆ ವಸ್ತುಸಂಗ್ರಹಾಲಯ ಸೇರಿದವು ನಿಜ, ಆದರೆ ಎರಡರ ಹಿಂದಿನ ಕಥೆ ಒಂದೇ ಅಲ್ಲ.

ಹಾಗಾದರೆ ನಾನು ಹುಡುಕುತ್ತಿರುವ ವ್ಯತ್ಯಾಸ ಇದೇ ಇರಬೇಕು. ಕಾಲ ಒಯ್ದದ್ದು ಒಂದು, ಕೈ ಒಯ್ದದ್ದು ಇನ್ನೊಂದು. ಮೊದಲನೆಯದಕ್ಕೆ ತಲೆಬಾಗುವುದು ವಿವೇಕ. ಎರಡನೆಯದಕ್ಕೆ ಅದೇ ಹೆಸರಿನಲ್ಲಿ ತಲೆಬಾಗಿಸುವುದು ಮೋಸ. ಎಲ್ಲವೂ ಅನಿತ್ಯ ಎಂಬ ಮಾತು ಕಳೆದುಕೊಂಡವನ ಬಾಯಲ್ಲಿ ತತ್ತ್ವವಾಗುತ್ತದೆ, ಕಸಿದುಕೊಂಡವನ ಬಾಯಲ್ಲಿ ನೆಪವಾಗುತ್ತದೆ. ಕಂಬವನ್ನು ಹುಲ್ಲಿನಲ್ಲಿ ಬಿಟ್ಟವರಿಗೆ ಆ ಕಂಬ ತಮ್ಮದಾಗಿತ್ತು. ಆದ್ದರಿಂದಲೇ ಬಿಡಲು ಅವರಿಗೆ ಹಕ್ಕಿತ್ತು. ಗುಡಿಯ ವಿಷಯದಲ್ಲಿ ಊರಿಗೆ ಊರೇ ಕೂತು ಉಳಿಸಿಕೊಳ್ಳೋಣವೋ ಬಿಡೋಣವೋ ಎಂದು ಯೋಚಿಸುವ ಗಳಿಗೆಯೇ ಬರಲಿಲ್ಲ. ಇಟ್ಟುಕೊಳ್ಳುವ ಹಕ್ಕಿಗಿಂತಲೂ ಬಿಟ್ಟುಕೊಡುವ ಹಕ್ಕು ದೊಡ್ಡದು. ಅದನ್ನು ಕಿತ್ತುಕೊಂಡರೆ ಮನುಷ್ಯನಿಗೆ ತನ್ನ ನಷ್ಟವೂ ತನ್ನದಾಗಿ ಉಳಿಯುವುದಿಲ್ಲ.

ರಾಜ್ಯಗಳು ಯಾವುದನ್ನು ನೆನಪಿಡುತ್ತವೆ ಎಂಬುದೂ ಈ ತೂಕದಲ್ಲಿ ಬರಬೇಕು. 1923ರಲ್ಲಿ ಯೂಕ್ವಾಟನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಕೆನಡಾ ಘೋಷಿಸಿದಾಗ ಅದರ ಮನಸ್ಸಿನಲ್ಲಿದ್ದದ್ದು ಕುಕ್ ಮತ್ತು ಅವನ ನಂತರದ ಯುರೋಪಿಯನ್ನರು. ಸಾವಿರಾರು ವರ್ಷ ಅಲ್ಲಿ ಬಾಳಿದವರ ಚರಿತ್ರೆಗೂ ಮನ್ನಣೆ ದೊರೆತದ್ದು 1997ರಲ್ಲಿ. ಈ ನಡುವೆ, 1960ರ ದಶಕದ ಕೊನೆಯಲ್ಲಿ, ಕೆಲಸ, ಶಾಲೆ ಎಂದು ಹೆಚ್ಚಿನ ಮನೆಗಳು ಒಳನಾಡಿನ ಗೋಲ್ಡ್ ರಿವರ್ ಬಳಿಗೆ, ಹೊಸ ಕಾಗದದ ತಿರುಳಿನ ಕಾರ್ಖಾನೆಯ ಮಗ್ಗುಲಿಗೆ ಸಾಗಿದವು. ಅಲ್ಲಿನ ಹೊಗೆ, ನಾತ ತಾಳಲಾಗದೆ ಜನ ಮತ್ತೊಂದು ಜಾಗಕ್ಕೆ ಹೋದರು. 1999ರಲ್ಲಿ ಕಾರ್ಖಾನೆಯೇ ಮುಚ್ಚಿತು. ಶಾಶ್ವತವೆಂದು ತೋರಿಸಿ ಕರೆದದ್ದು ಮೂವತ್ತು ವರ್ಷ ಬಾಳಿತು. ಹಿಂದುಳಿದದ್ದೆಂದು ಬಿಡಿಸಿದ ಊರಿಗೆ ಈಗಲೂ ಬೇಸಿಗೆಯಲ್ಲಿ ಜನ ಮಕ್ಕಳುಮರಿ ಸಮೇತ ಬಂದು ಡೇರೆ ಹೂಡುತ್ತಾರೆ.

2025ರಲ್ಲಿ ಗುಡಿಯ ರೂಪಗಳು ನ್ಯೂಯಾರ್ಕಿನಿಂದ ತಮ್ಮ ಜನರ ಬಳಿಗೆ ಮರಳಿದವು. ಇನ್ನು ಅವುಗಳನ್ನು ಏನು ಮಾಡಬೇಕು? ಗಾಜಿನ ಪೆಟ್ಟಿಗೆಯಲ್ಲಿಡಬೇಕೇ, ಕೆರೆಯ ನಡುಗಡ್ಡೆಗೇ ಒಯ್ದು ಮಳೆಗೆ ಒಪ್ಪಿಸಬೇಕೇ? ಕಲೆಯನ್ನು ಪ್ರೀತಿಸುವ ನಮ್ಮೊಳಗೆ ಎರಡನೆಯ ಯೋಚನೆ ಸಣ್ಣ ನಡುಕ ಹುಟ್ಟಿಸುತ್ತದೆ. ಒಂದು ಶತಮಾನ ಕಾಪಾಡಿದ್ದು ಹತ್ತಿಪ್ಪತ್ತು ಮಳೆಗಾಲಗಳಲ್ಲಿ ಕರಗಿಹೋದರೆ? ಆ ನಡುಕವನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ನಮ್ಮ ನಡುಕ. ನೋಡುವ ಆಸೆಯನ್ನು ಉಳಿಸುವ ಕರ್ತವ್ಯವೆಂದು ಎಷ್ಟು ಬೇಗ ಬಗೆಯುತ್ತೇವೆ ನಾವು! ಆ ಗುಡಿಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಯಾರಿಗೂ ಬೇಕಿಲ್ಲ ಎಂಬುದೇ ಅದು ಮರಳಿದ್ದರ ಅರ್ಥ.

ದ್ವೀಪದ ಕಾಡಿನ ನಡಿಗೆ ಮುಗಿದ ಮೇಲೂ ಈ ವಿಚಾರ ಮುಗಿಯುವುದಿಲ್ಲ. ನಮ್ಮ ನಮ್ಮ ಮನೆಗಳ ಅಟ್ಟದಲ್ಲೂ ಇಂಥ ತೂಕಗಳು ಕಾದಿವೆ. ಅಜ್ಜಿಯ ಸೀರೆ ಬೀರುವಿನಲ್ಲಿ ಮಡಿಕೆಯ ಗೆರೆಗುಂಟ ಹರಿಯುವುದು ವಾಸಿಯೋ, ಮೊಮ್ಮಗಳು ಉಟ್ಟು ಹರಿಯುವುದು ವಾಸಿಯೋ? ಬೆಲೆ ಇರುವುದು ವಸ್ತುವಿನ ಬಾಳಿಕೆಯಲ್ಲೋ, ಅದು ಸವೆಯುತ್ತ ಬೆಸೆಯುವ ನಂಟಿನಲ್ಲೋ? ಸವೆದು ಹೋದದ್ದರ ದುಃಖ ಸಹಿಸಬಲ್ಲಂಥದ್ದು, ಏಕೆಂದರೆ ಆ ಸವೆತದಲ್ಲಿ ನಮ್ಮ ದಿನಗಳೂ ಸೇರಿವೆ. ಹಾಗೆಯೇ ಅದೇ ಅಟ್ಟದಲ್ಲಿ ನಮ್ಮದಲ್ಲದ ಯಾವುದೋ ಒಂದು, ಹಿರಿಯರು ಎಂದೋ ತಂದಿಟ್ಟದ್ದು, ಯಾರದೆಂದು ಗೊತ್ತಿದ್ದೂ ಕೇಳದೆ ಉಳಿದದ್ದು ಇರಬಹುದು. ನಮ್ಮದಾಗಿದ್ದದ್ದನ್ನು ಬಿಡುವುದನ್ನು ಕಲಿಯಲು ಒಂದು ಆಯುಸ್ಸು ಸಾಲದೆ ಹೋಗಬಹುದು. ನಮ್ಮದಲ್ಲದ್ದನ್ನು ಹಿಂದಿರುಗಿಸಲು ಮಾತ್ರ ಅಷ್ಟು ಕಾಯಬೇಕಾದ ಕಾರಣವಿಲ್ಲ.